ತಾಯಂದಿರಿಗೆ ಫೋನು ಮಾಡುತ್ತಿದ್ದವರು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ತಿಳಿಸಿದ್ದು ಒಂದು ಯಂತ್ರ. ದುಬೈಯ ನಮ್ಮ ಶಾಲೆಯಿಂದ ನಿವೃತ್ತರಾದ ಅಧ್ಯಾಪಕರಿಗೂ ಈಗ ಸಂದೇಶಗಳು ಬರುತ್ತವೆ. ಓದುವವನ ಭಾಷೆ ಯಾವುದೆಂದು ತಿಳಿದುಕೊಂಡು ಆ ಭಾಷೆಯಲ್ಲೇ ಬರುತ್ತವೆ. ಎಂಟು ಸಾಲಿನ ಸಂತಾಪ, ಶುದ್ಧ ಕನ್ನಡ. ಅದರಲ್ಲಿ ನಾಲ್ಕು ತಪ್ಪುಗಳಿದ್ದವು. ಅವರು 'ಸಂವಹನ ವಿಭಾಗ'ದಲ್ಲಿ ಸೇವೆ ಸಲ್ಲಿಸಿದರು ಎಂದಿತ್ತು. ಅವರ ಕಾಲದಲ್ಲಿ ಅಂಥ ವಿಭಾಗವಿರಲಿಲ್ಲ, ಒಂದು ಮೇಜು ಮತ್ತು ಎರಡು ಫೋನುಗಳಿದ್ದವು. 'ಇಂಗ್ಲಿಷ್ ಹಾಗೂ ಹಿಂದಿಯಲ್ಲಿ ಪರಿಣತರು' ಎಂದಿತ್ತು. ಅವರಿಗೆ ಆರು ಭಾಷೆಗಳು ಬರುತ್ತಿದ್ದವು, ಅವುಗಳಲ್ಲಿ ಅತ್ಯಂತ ದುರ್ಬಲವಾದದ್ದು ಇಂಗ್ಲಿಷ್. 'ಸದಾ ಹಸನ್ಮುಖಿ' ಎಂದಿತ್ತು. ಕೆಲಸದ ವೇಳೆಯಲ್ಲಿ ಅವರು ನಕ್ಕಿದ್ದನ್ನು ನಾನು ನೋಡಿದ್ದು ಎರಡು ಸಲ. 'ಸ್ವ-ಇಚ್ಛೆಯಿಂದ ನಿವೃತ್ತರಾದರು' ಎಂದಿತ್ತು. ಅವರ ಕರಾರನ್ನು ಶಾಲೆ ನವೀಕರಿಸಲಿಲ್ಲ ಎಂಬುದು ನನಗೂ ಗೊತ್ತು, ಶಾಲೆಗೂ ಗೊತ್ತು.

ಈ ನಾಲ್ಕನ್ನೂ ಸಂಖ್ಯೆ ಹಾಕಿ ಬರೆದು ಕಳುಹಿಸಿದೆ. ಒಂದು ನಿಮಿಷ ಕಳೆಯುವುದರೊಳಗೆ ಉತ್ತರ ಬಂತು: 'ತಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು. ಈ ದುಃಖದ ಸಮಯದಲ್ಲಿ ನಾವು ತಮ್ಮೊಂದಿಗಿದ್ದೇವೆ.' ಯಾರು ನನ್ನೊಂದಿಗಿದ್ದಾರೆ? ಕೇಳೋಣವೆಂದರೆ ಆ ಕಡೆ ಮನುಷ್ಯರಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅವರ ಮೇಜು ಶಾಲೆಯ ಕಚೇರಿಯಲ್ಲಿ ಏಸಿಯ ಕಿಂಡಿಯ ನೇರ ಕೆಳಗಿತ್ತು. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗುವ ಬಿಸಿಲಿದ್ದರೂ ಅವರು ಸೀರೆಯ ಮೇಲೆ ಕಂದು ಬಣ್ಣದ ಸ್ವೆಟರು ಹಾಕಿಕೊಂಡೇ ಕುಳಿತಿರುತ್ತಿದ್ದರು. ಮೇಜನ್ನು ಬದಲಿಸಿಕೊಡಿರೆಂದು ಮೂರು ಬಾರಿ ಬರೆದುಕೊಟ್ಟಿದ್ದರು. ಬದಲಿಸಿಕೊಡಲಿಲ್ಲ. ಉಡುಪಿ ಕಡೆಯವರು. ಗಂಡ ತೀರಿಹೋದ ಮೇಲೆ ಕರಾಮದ ಒಂದು ಫ್ಲ್ಯಾಟಿನಲ್ಲಿ ಇಬ್ಬರು ನರ್ಸುಗಳ ಜೊತೆ ಒಂದು ಕೋಣೆ ಹಿಡಿದುಕೊಂಡಿದ್ದರು. ನಮ್ಮ ಕರಾವಳಿಯ ಪೋಷಕರೆಲ್ಲ ಅವರನ್ನು 'ಅಕ್ಕ' ಎಂದೇ ಕರೆಯುತ್ತಿದ್ದರು. ಭಟ್ಕಳದ ತಾಯಂದಿರಿಗೆ ಅವರು 'ಆಪಾ'. ಮಕ್ಕಳಿಗೆ ಮಾತ್ರ 'ಆಫೀಸ್ ಆಂಟಿ'.

ಮನೆಗೆ ಫೋನು ಮಾಡುವುದು ಅವರ ಕೆಲಸ. ಮಗು ಬಿದ್ದರೆ, ಜ್ವರ ಬಂದರೆ, ಜಗಳವಾಡಿದರೆ, ಬಸ್ಸು ತಪ್ಪಿದರೆ ಅವರೇ ಮಾಡಬೇಕು. ಆ ಕೆಲಸಕ್ಕೆ ಅವರದೇ ಒಂದು ಕ್ರಮವಿತ್ತು. ಆ ಕಡೆಯಿಂದ 'ಹಲೋ' ಎಂದ ಕೂಡಲೇ, ತಮ್ಮ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಹೇಳುವ ಮೊದಲು, "ಮಗು ಆರಾಮುಂಟು" ಎನ್ನುತ್ತಿದ್ದರು. ಉಳಿದದ್ದೆಲ್ಲ ಆಮೇಲೆ. "ಶಾಲೆ ನಂಬರು ಕಂಡ ಕೂಡ್ಲೇ ತಾಯಿಗೆ ಜೀವ ಹೋಗ್ತದೆ ಸರ್. ಮೊದ್ಲು ಆ ಜೀವವನ್ನು ವಾಪಸು ಕೊಡ್ಬೇಕು, ಮತ್ತೆ ಮಾತು" ಎಂದು ನನಗೆ ವಿವರಿಸಿದ್ದರು. ಆ ಕಡೆಯ ತಾಯಿ ಅಳುತ್ತಿದ್ದರೆ ಇವರು ಕುರ್ಚಿಯಿಂದ ಎದ್ದು ನಿಂತು ಮಾತನಾಡುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ.

ಅವರ ಬಳಿ ಉದ್ದನೆಯ ರಟ್ಟಿನ ಪುಸ್ತಕಗಳಿದ್ದವು, ತರಗತಿಗೊಂದು. ಪ್ರತಿ ಮಗುವಿನ ಹೆಸರಿನ ಮುಂದೆ ಯಾರಿಗೆ, ಯಾವ ಭಾಷೆಯಲ್ಲಿ, ಎಷ್ಟು ಹೊತ್ತಿಗೆ ಫೋನು ಮಾಡಬೇಕು, ಏನನ್ನು ಹೇಳಬಾರದು ಎಂಬ ಟಿಪ್ಪಣಿ. 'ತಾಯಿ ನರ್ಸು, ಎರಡು ಗಂಟೆಗೆ ಮೊದಲು ಎಬ್ಬಿಸಬೇಡ.' 'ತಂದೆ ಕ್ರೇನಿನ ಮೇಲಿರುತ್ತಾರೆ, ಊಟದ ವಿರಾಮದಲ್ಲಿ ಮಾತ್ರ.' 'ಬ್ಯಾರಿ ಭಾಷೆ. ಅಜ್ಜಿ ಎತ್ತಿದರೆ ಊಟ ಆಯ್ತಾ ಎಂದು ಕೇಳಿ ಇಟ್ಟುಬಿಡು.'

ಮಕ್ಕಳು ಅವರ ಮುಂದೆ ಇಂಗ್ಲಿಷಿನಲ್ಲಿ ಅಂಗಲಾಚುತ್ತಿದ್ದರು. "ಆಂಟೀ, ಪ್ಲೀಸ್, ಡೋಂಟ್ ಕಾಲ್ ಮೈ ಮಮ್ಮಿ!"

"ಮಮ್ಮಿಯನ್ನು ಕರೀದೆ ಮತ್ತೆಂತ, ನಿನ್ನ ಅಜ್ಜಿಯನ್ನು ಕರೀಲಾ ಊರಿಂದ? ವಿಸಾ ನೀನು ಮಾಡಿಸ್ತೀಯಾ? ಯಲ್ಲಾ, ಬೇಗ ಕೂತ್ಕೋ ಅಲ್ಲಿ."

ನನಗೂ ಅವರಿಗೂ ಮೊದಲ ಐದು ವರ್ಷ ಸರಿಯಿರಲಿಲ್ಲ. ಗಣಿತದ ಕಿರುಪರೀಕ್ಷೆಯಲ್ಲಿ ಹಿಂದೆಬಿದ್ದವರ ಮನೆಗಳಿಗೆ ಕಳುಹಿಸಲು ನಾನೊಂದು ನೋಟೀಸು ಬರೆದುಕೊಟ್ಟಿದ್ದೆ. ಅದು ಸಂಜೆ ನನ್ನ ಮೇಜಿಗೇ ಮರಳಿ ಬಂತು, ಕೆಂಪು ಶಾಯಿಯ ಗೆರೆಗಳೊಂದಿಗೆ. ಕೆಂಪು ಶಾಯಿ! ಸ್ಟಾಫ್ ರೂಮಿನಲ್ಲಿ ಏಳು ಜನರಿದ್ದರು. ಅವರ ಹೆಸರುಗಳನ್ನು ನಾನು ಈಗಲೂ ಹೇಳಬಲ್ಲೆ. ಕೆಳಗಿಳಿದು ಹೋಗಿ ಕೇಳಿದೆ, "ಇದೇನಮ್ಮ?"

"'ಗಂಭೀರ ಕ್ರಮ' ಅಂತ ಬರ್ದಿದ್ದೀರಿ ಸರ್. ಎಂತ ಕ್ರಮ ಅದು?"

"ವಿಶೇಷ ತರಗತಿಗೆ ಬರಬೇಕು ಎಂದರ್ಥ."

"ಹಾಗಾದ್ರೆ ವಿಶೇಷ ತರಗತಿಗೆ ಬನ್ನಿ ಅಂತ ಬರೀಲಿಕ್ಕೆ ಆಗುದಿಲ್ವಾ? ಪೊಲೀಸರು ಬರ್ತಾರೆ ಅಂದ್ಕೊಳ್ತಾರೆ ಪಾಪ."

ಅವರು ಹೇಳಿದ್ದು ಸರಿಯೆಂದು ಒಪ್ಪಿಕೊಳ್ಳಲು ನನಗೆ ಹಲವು ವರ್ಷ ಹಿಡಿಯಿತು. ಕೆಂಪು ಶಾಯಿಯನ್ನು ನಾನು ಈಗಲೂ ಕ್ಷಮಿಸಿಲ್ಲ.

ಪೋಷಕರೊಂದಿಗಿನ ಸಂಪರ್ಕವನ್ನು ಕೃತಕ ಬುದ್ಧಿಮತ್ತೆಯ ಮೂಲಕ ಸುಧಾರಿಸಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿದ್ದು ನನ್ನ ಸೇವೆಯ ಕೊನೆಯ ಎರಡು ವರ್ಷಗಳಲ್ಲಿ. ಅದಕ್ಕೊಬ್ಬ ತರುಣ ಮುಖ್ಯಸ್ಥನನ್ನು ನೇಮಿಸಿದರು. ಹಿರಿಯ ಅಧ್ಯಾಪಕನೆಂದು ನನ್ನನ್ನೂ ಸಮಿತಿಗೆ ಸೇರಿಸಿದರು. ಮೊದಲ ಸಭೆಗೆ ಆತ ನಲವತ್ತು ನಿಮಿಷ ತಡವಾಗಿ ಬಂದ. ಬಂದವನು ನನ್ನನ್ನು 'ಅಂಕಲ್' ಎಂದು ಸಂಬೋಧಿಸಿದ. ನನ್ನ ಅಣ್ಣತಮ್ಮಂದಿರಲ್ಲಿ ಯಾರಿಗೂ ಅಂಥ ಮಗನಿಲ್ಲ.

ಆದರೂ ನ್ಯಾಯವಾಗಿ ಹೇಳಬೇಕು: ಆ ವ್ಯವಸ್ಥೆಯಿಂದ ಅನುಕೂಲವಾಗಲಿಲ್ಲವೆಂದಲ್ಲ. ಶಾಲೆಯ ಪತ್ರಗಳನ್ನು ಹಿಡಿದುಕೊಂಡು ಅವರಿವರಲ್ಲಿ ಓದಿಸಿಕೊಳ್ಳುತ್ತಿದ್ದ ಒಬ್ಬ ಟ್ಯಾಕ್ಸಿ ಚಾಲಕರಿಗೆ ತಮ್ಮ ಭಾಷೆಯಲ್ಲೇ ಮಗನ ಅಂಕಗಳ ವಿವರ ಬಂದಾಗ, ಅವರು ಕಚೇರಿಗೆ ಬಂದು ಕಣ್ಣೊರೆಸಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಬಸ್ಸು ಎಲ್ಲಿದೆ, ರಜೆ ಯಾವಾಗ ಎಂದು ಕೇಳುವ ನೂರು ಫೋನುಗಳು ನಿಂತವು. ಅಕ್ಕನಿಗಂತೂ ಅದರ ಮೇಲೆ ಅಭಿಮಾನವೇ ಇತ್ತು. ಯಂತ್ರ ಬರೆದ ಸಂದೇಶಗಳನ್ನು ಪರದೆಯ ಮೇಲೆ ಓದುತ್ತಾ ಒಮ್ಮೆ ಹೇಳಿದರು: "ನೋಡಿ ಸರ್, ಎಷ್ಟು ಮರ್ಯಾದೆಯಲ್ಲಿ ಮಾತಾಡ್ತದೆ ಇದು! ನಂಗೆ ಈ ಜನ್ಮದಲ್ಲಿ ಬರುದಿಲ್ಲ." ಅವರು ನಕ್ಕ ಎರಡು ಸಲಗಳಲ್ಲಿ ಅದೊಂದು.

ಎರಡನೆಯ ವರ್ಷ ಮುಖ್ಯಸ್ಥ ಅವರ ಪುಸ್ತಕಗಳನ್ನು ಕೇಳಿದ. ಪ್ರತಿ ಕುಟುಂಬದ ಸ್ವಭಾವ ತಿಳಿದರೆ ಯಂತ್ರ ಇನ್ನೂ ಚೆನ್ನಾಗಿ ಮಾತನಾಡುತ್ತದೆ ಎಂಬುದು ಅವನ ವಾದ. ಅಕ್ಕ ಎರಡು ವಾರ ಕೊಡಲಿಲ್ಲ. ಕೊನೆಗೆ ನನ್ನ ಬಳಿ ಬಂದರು.

"ಕೊಡುದಾ ಸರ್? ಇದರಲ್ಲಿ ಇರುದು ಮಕ್ಕಳ ವಿಷಯ ಅಲ್ಲ, ತಾಯಂದಿರ ವಿಷಯ."

ನಾನು ಕೊಡಿ ಎಂದೆ. ಒಂದು ಶಾಲೆ ಒಬ್ಬರ ನೆನಪಿನ ಮೇಲೆ ನಿಲ್ಲಬಾರದು, ನೀವು ಹೋದ ಮೇಲೂ ನಿಮಗೆ ತಿಳಿದದ್ದು ಉಳಿಯಬೇಕು ಎಂದು ಉಪದೇಶಿಸಿದೆ. ಸಮಿತಿಯಲ್ಲಿ ಕುಳಿತವನ ಮಾತು ಅದು. ಪರರ ತಪ್ಪುಗಳನ್ನು ಲೆಕ್ಕವಿಡುವವನು ತನ್ನದನ್ನು ಬಿಡಬಾರದು. ಆದ್ದರಿಂದ ಇದನ್ನು ಇಲ್ಲಿ ಬರೆದಿದ್ದೇನೆ.

ಬೇಸಿಗೆಯ ರಜೆಯಲ್ಲಿ ಊರಿಗೂ ಹೋಗದೆ ಅವರೇ ಕುಳಿತು ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿದರು, ಒಂದಕ್ಷರ ಬಿಡದೆ. ಹೇಳಬಾರದ ವಿಷಯವನ್ನೂ ತುಂಬಿದರು, ಅದರ ಮುಂದೆ 'ಹೇಳಬಾರದು' ಎಂಬುದನ್ನೂ ತುಂಬಿದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಹೀಗೆ ಬರೆದುಕೊಟ್ಟರೆ ಅವಳು ಬಾಯಿ ಮುಚ್ಚಿಕೊಂಡಿರುತ್ತಾಳಷ್ಟೆ. ಇದೂ ಹಾಗೆಯೇ ಎಂದು ಅವರು ನಂಬಿದ್ದರು.

ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ನನ್ನೆದುರಿಗೆ ಕಪ್ಪುಹಲಗೆಯ ಮೇಲೆ ಲೆಕ್ಕವನ್ನು ತಪ್ಪಿಲ್ಲದೆ ಬಿಡಿಸುವವಳು ಪರೀಕ್ಷೆಯ ಕೋಣೆಯಲ್ಲಿ ಕುಳಿತರೆ ಕೈ ತಣ್ಣಗಾಗಿ ಖಾಲಿ ಕಾಗದ ಕೊಟ್ಟು ಬರುತ್ತಿದ್ದಳು. ಎರಡು ಬಾರಿ ಪ್ರಜ್ಞೆ ತಪ್ಪಿ ಬಿದ್ದಳು. ತಾಯಿ ದುಬೈಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದರು. ತಂದೆ ಅಬುಧಾಬಿಯಲ್ಲಿ; ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಕುಂದಾಪುರ ಕಡೆಯವರು, ಅಂದರೆ ನಮ್ಮವರೇ.

ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆಗೆ ಗಣಿತದಲ್ಲಿ ಎರಡು ಬಗೆಯ ಪ್ರಶ್ನೆಪತ್ರಿಕೆಗಳಿವೆ: ಸ್ಟ್ಯಾಂಡರ್ಡ್ ಮತ್ತು ಬೇಸಿಕ್. ಬೇಸಿಕ್ ಸುಲಭ, ಆದರೆ ಅದನ್ನು ಆಯ್ದುಕೊಂಡವರಿಗೆ ಮುಂದೆ ಗಣಿತ ಓದುವ ದಾರಿ ಕಿರಿದಾಗುತ್ತದೆ. ಈ ಹುಡುಗಿಗೆ ಬೇಸಿಕ್ ಸಾಕೆಂದು ಸೂಚಿಸಿದವನು ನಾನು. ತಾಯಿ ಸಹಿ ಹಾಕಿದರು. ಹಾಕಿ, ಅಕ್ಕನ ಮೇಜಿನ ಮುಂದೆ ನಿಂತು ಕೇಳಿಕೊಂಡರು: "ಇವ್ರಿಗೆ ಈಗ ಹೇಳುದು ಬೇಡ ಅಕ್ಕ. ಮಗಳು ಇಂಜಿನಿಯರ್ ಆಯ್ಕು ಅಂತ ಒಂದೇ ಹಠ. ಹತ್ತನೇದು ಮುಗೀಲಿ, ನಾನೇ ಹೇಳ್ತೆ." ಅಕ್ಕ ಪುಸ್ತಕದಲ್ಲಿ ಬರೆದುಕೊಂಡರು. ಪುಸ್ತಕದಿಂದ ಅದು ಕಂಪ್ಯೂಟರಿಗೆ ಹೋಯಿತು.

ವರ್ಷಾಂತ್ಯಕ್ಕೆ ಯಂತ್ರವು ಪ್ರತಿ ಮಗುವಿನ ಪ್ರಗತಿಯ ಸಾರಾಂಶವನ್ನು ತಂದೆಗೂ ತಾಯಿಗೂ ಕಳುಹಿಸಿತು. ಆ ತಂದೆಗೆ ಬಂದದ್ದರಲ್ಲಿ ಹೀಗಿತ್ತು: 'ತಮ್ಮ ಪುತ್ರಿಯ ಮಾನಸಿಕ ಒತ್ತಡವನ್ನು ಗಮನದಲ್ಲಿರಿಸಿ ಬೇಸಿಕ್ ಗಣಿತವನ್ನು ಆಯ್ಕೆ ಮಾಡಲಾಗಿದೆ. ಈ ವಿಷಯವನ್ನು ತಮಗೆ ತಿಳಿಸದಿರುವಂತೆ ತಾಯಿಯವರು ಕೋರಿದ್ದು, ಶಾಲೆಯು ಇದುವರೆಗೆ ಅವರ ಕೋರಿಕೆಯನ್ನು ಗೌರವಿಸಿದೆ. ಮನೆ ಮತ್ತು ಶಾಲೆಯ ನಡುವೆ ಪಾರದರ್ಶಕತೆ ಇರಬೇಕೆಂಬುದು ನಮ್ಮ ನಂಬಿಕೆ.'

ಮರುದಿನ ಆ ತಾಯಿ ಕಚೇರಿಗೆ ಬಂದಾಗ ನಾನೂ ಅಲ್ಲಿದ್ದೆ. ಬೈಯಲಿಲ್ಲ. "ಅಕ್ಕ, ಅವ್ಳನ್ನ ಊರಿಗೆ ಕಳಿಸ್ತ್ರಂತೆ. ಹಾಸ್ಟೆಲ್ಲು, ಕೋಚಿಂಗು, ಎಲ್ಲ ನೋಡಿ ಆಯ್ತ್. ಅಲ್ಲಿ ದಿನಾ ಪರೀಕ್ಷೆ ಮಾಡ್ತ್ರಂತೆ" ಎಂದಷ್ಟೇ ಹೇಳಿದರು. ಅಕ್ಕ ಎದ್ದು ನಿಂತರು. ಆ ಹುಡುಗಿಗೆ ದಿನವೂ ಪರೀಕ್ಷೆ ಎಂದರೆ ಏನೆಂದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

ನಾನು ಮುಖ್ಯಸ್ಥನ ಬಳಿ ಹೋದೆ. ಇಪ್ಪತ್ತೈದು ನಿಮಿಷ ಹೊರಗೆ ಕೂರಿಸಿದ. "ಅದೊಂದು ಸೆಟ್ಟಿಂಗ್ ಸರ್, ಈಗ ಸರಿ ಮಾಡಿದ್ದೇವೆ. ಇನ್ನು ಯಾರಿಗೂ ಹೀಗಾಗುವುದಿಲ್ಲ" ಎಂದ. ಆಗಿರುವವಳ ವಿಷಯವೇನು ಎಂದೆ. "ಬೇಕಾದರೆ ಪೋಷಕರಿಗೆ ಒಂದು ಕ್ಷಮಾಪಣೆಯ ಸಂದೇಶ ಕಳುಹಿಸೋಣ" ಎಂದು ನನ್ನೆದುರಿಗೇ ಬರೆಸಿ ತೋರಿಸಿದ. ಏನು ಹೇಳಲಿ! ಅದರಲ್ಲಿ ನಾನು ತಿದ್ದಬಹುದಾದ ಒಂದು ಪದವೂ ಇರಲಿಲ್ಲ. ಪ್ರಾಂಶುಪಾಲರಿಗೆ ಮೂರು ಪುಟದ ಪತ್ರ ಬರೆದೆ. ಬಂದ ಉತ್ತರವೂ ಅದೇ ಕೈಯ ಬರವಣಿಗೆಯಂತಿತ್ತು.

"ಅದಕ್ಕೆ ಬೈದು ಎಂತ ಪ್ರಯೋಜನ ಸರ್. ಕಲಿಸಿದ್ದು ನಾನೇ ಅಲ್ವಾ?" ಎಂದರು ಅಕ್ಕ. "ಅವಳ ಅಪ್ಪನ ಹತ್ರ ಮುಖ ಕೊಟ್ಟು ಮಾತಾಡ್ಬೇಕು. ನೀವು ಬರ್ತೀರಾ?"

ಶನಿವಾರ ಬೆಳಗ್ಗೆ ಅಬುಧಾಬಿಯ ಬಸ್ಸು ಹಿಡಿದೆವು. ಅಕ್ಕ ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ತುಟಿಯೊಳಗೇ ಅಭ್ಯಾಸ ಮಾಡುತ್ತಿದ್ದರು. ಹಮ್ದಾನ್ ಸ್ಟ್ರೀಟಿನ ಹಿಂಬದಿಯ ಓಣಿಯಲ್ಲಿ ಆ ತಂದೆಯ ಟೈಪಿಂಗ್ ಸೆಂಟರು. ವಿಸಾ, ಬಾಡಿಗೆಯ ಕರಾರು, ಕಾರ್ಮಿಕರ ದೂರು, ಎಲ್ಲಕ್ಕೂ ಬೇಕಾದ ಅರ್ಜಿಗಳನ್ನು ಅರಬ್ಬಿ, ಇಂಗ್ಲಿಷುಗಳಲ್ಲಿ ಬರೆದುಕೊಡುವ ಅಂಗಡಿ. ಮೂರು ಕುರ್ಚಿ, ಎರಡು ಕಂಪ್ಯೂಟರು, ಗೋಡೆಗೆ ಮಗಳ ಒಂದನೆಯ ತರಗತಿಯ ಫೋಟೋ. ಮೊದಲು ನಾಲ್ವರು ಕೆಲಸಕ್ಕಿದ್ದರಂತೆ. ಈಗ ಎಲ್ಲವೂ ಮೊಬೈಲಿನಲ್ಲೇ ಆಗುವುದರಿಂದ ಅವರೊಬ್ಬರೇ.

"ಕೂತ್ಕಣಿ ಮಾಷ್ಟ್ರೆ. ಅಕ್ಕ, ನೀವೂ ಕೂತ್ಕಣಿ. ಚಾ ಹೇಳ್ತೆ." ಅವರು ಗಟ್ಟಿದನಿಯ ಮನುಷ್ಯರಲ್ಲ. ಕೂಗಾಡುವವರನ್ನು ನಿರೀಕ್ಷಿಸಿ ಹೋಗಿದ್ದ ನಾನು ಅಲ್ಲಿಯೇ ಅರ್ಧ ಸೋತೆ.

ಅಕ್ಕ ತಪ್ಪೆಲ್ಲ ತಮ್ಮದೆಂದರು. ನಾನು ಹುಡುಗಿಯ ಸ್ಥಿತಿಯನ್ನು ವಿವರಿಸಿದೆ. ಒಂದು ವರ್ಷ, ಒಂದೇ ವರ್ಷ ಇಲ್ಲಿಯೇ ಓದಲಿ ಎಂದೆ. ಅವರು ಮೊಬೈಲು ತೆಗೆದು ಆ ಸಂದೇಶವನ್ನು ನಮ್ಮ ಮುಂದಿಟ್ಟರು.

"ಇದನ್ನ ಎಷ್ಟು ಸಲ ಓದಿದೆ ಗೊತ್ತಿತ್ತಾ? ಮೂವತ್ತು ವರ್ಷದಿಂದ ಬೇರೆಯೋರ ಅರ್ಜಿ ಬರೀತಾ ಇದ್ದೆ ನಾನು. ಎಂಥಾ ಡ್ರಾಫ್ಟ್ ಮಾರಾಯ್ರೆ! ನಂಗೆ 'ತಾವು' ಅಂದದ್ದು ನಿಮ್ಮ ಶಾಲೆಯಿಂದ ಇದೊಂದೇ."

"ಅದು ಯಂತ್ರ ಬರೆದದ್ದು" ಎಂದೆ.

"ಬರೀಲಿ. ಸುಳ್ಳು ಬರೀಲಿಲ್ಲ ಅಲ್ದಾ?" ಅಕ್ಕನ ಕಡೆ ತಿರುಗಿದರು. "ಅಕ್ಕ, ನೀವು ನನ್ನ ಹೆಂಡ್ತಿಗೆ ಎಷ್ಟು ಸಲ ಫೋನ್ ಮಾಡಿದ್ರಿ?"

"ತುಂಬಾ ಸಲ."

"ನಂಗೆ?"

ಅಕ್ಕ ಚಹಾದ ಲೋಟವನ್ನು ಕೆಳಗಿಟ್ಟರು.

"ಮಗಳು ಎರಡು ಸಲ ಬಿದ್ಲು. ಗೇಟಿನ ವಾಚ್‌ಮನ್ನಿಗೂ ಗೊತ್ತಿತ್ತು, ಬಸ್ಸಿನ ಆಯಾಗೂ ಗೊತ್ತಿತ್ತು. ಅಪ್ಪನಿಗೆ ಮಾತ್ರ ಗೊತ್ತಿಲ್ಲ. ವಾರ ವಾರ ಹೋಗಿ 'ಗಣಿತ ಹೆಂಗೆ ನಡೀತಿತ್ತ್ ಮಗಾ' ಅಂತ ಕೇಳ್ತಿದ್ದೆ. 'ಫೈನ್ ಪಪ್ಪಾ' ಅಂತಿದ್ಲು. ನೀವೆಲ್ಲ ಸೇರ್ಕಂಡು ನನ್ನನ್ನ ಎಂತ ಅಂದ್ಕಂಡಿದ್ರಿ? ಮಗಳನ್ನ ತಿಂತೆ ಅಂತಲಾ?"

ಅಲ್ಲಿಯವರೆಗೆ ನನಗೆ ಆ ಮನುಷ್ಯ ಒಂದು ಹಠವಾಗಿದ್ದರು, ಅಷ್ಟೆ. ಅವರ ಕಣ್ಣು ತುಂಬಿದ್ದನ್ನು ಆಗ ಕಂಡೆ.

"ಒಮ್ಮೆ ಅವಳನ್ನೇ ಕೇಳಿ" ಎಂದರು ಅಕ್ಕ, ಬಹಳ ಮೆಲ್ಲಗೆ. "ಅವಳಿಗೆ ಎಂತ ಬೇಕು ಅಂತ."

"ಕೇಳಿದ್ರೆ 'ಫೈನ್ ಪಪ್ಪಾ' ಅಂತ್ಲು. ಖಲಾಸ್ ಅಕ್ಕ. ಇನ್ನು ನಮ್ಮ ಮನೆಯಲ್ಲಿ ನಂಗೆ ಯಾರು ನಿಜ ಹೇಳಿದ್ರೂ ನಂಬಿಕೆ ಬರುದಿಲ್ಲ. ಊರಲ್ಲಾದ್ರೆ ವಾರಕ್ಕೊಂದು ಮಾರ್ಕು ಬರ್ತ್, ನಾನೇ ನೋಡ್ತೆ."

ಅವರು ಕಂಪ್ಯೂಟರಿನ ಕಡೆ ತಿರುಗಿ, ಶಾಲೆ ಬಿಡಿಸುವ ಪ್ರಮಾಣಪತ್ರಕ್ಕೆ ಅರ್ಜಿಯನ್ನು ನಮ್ಮೆದುರಿಗೇ ಟೈಪು ಮಾಡತೊಡಗಿದರು. ಬೆರಳುಗಳು ಓಡುತ್ತಿದ್ದವು. 'ಕಾರಣ' ಎಂಬಲ್ಲಿಗೆ ಬಂದಾಗ ನಿಂತವು.

"ಇಲ್ಲಿ ಎಂತ ಬರೀಲಿ ಮಾಷ್ಟ್ರೆ?"

ಮೂವತ್ತೊಂದು ವರ್ಷ ಪಾಠ ಹೇಳಿದವನು ನಾನು. ಗೋಡೆಯ ಮೇಲಿನ ಫೋಟೋವನ್ನು ನೋಡುತ್ತ ಕುಳಿತೆ. ಅವರೇ 'ಕೌಟುಂಬಿಕ ಕಾರಣ' ಎಂದು ಬರೆದು, ಮುದ್ರಿಸಿ, ಸಹಿ ಮಾಡಿ, ಪ್ಲಾಸ್ಟಿಕ್ಕಿನ ಲಕೋಟೆಯಲ್ಲಿಟ್ಟು ಅಕ್ಕನ ಕೈಗೆ ಕೊಟ್ಟರು. "ಹೇಗೂ ನೀವು ಅಲ್ಲಿಗೇ ಹೋಗುದಲ್ದಾ? ನಂಗೆ ಒಂದು ದಿನದ ರಜೆ ಉಳೀತ್." ಚಹಾದ ಲೋಟಗಳನ್ನು ತಾವೇ ಎತ್ತಿಟ್ಟು ಬಾಗಿಲವರೆಗೂ ಬಂದು ಕಳುಹಿಸಿಕೊಟ್ಟರು.

ಮರಳುವ ಬಸ್ಸಿನಲ್ಲಿ ಲಕೋಟೆ ಅಕ್ಕನ ಮಡಿಲಲ್ಲಿತ್ತು. ಅರ್ಧ ದಾರಿ ಕಳೆಯುವಷ್ಟರಲ್ಲಿ ನನಗೊಂದು ಉಪಾಯ ಹೊಳೆದಿತ್ತು. ನಾಚಿಕೆ ಬಿಟ್ಟು ಹೇಳಿಯೇಬಿಟ್ಟೆ.

"ಇದನ್ನು ಸೋಮವಾರವೇ ಕೊಡಬೇಕೆಂದೇನೂ ಇಲ್ಲವಲ್ಲ. ಕಾಗದಗಳು ಕಳೆದುಹೋಗುತ್ತವೆ. ಹತ್ತು ದಿನ ಕಳೆದರೆ ಹೊಸ ತರಗತಿ ಶುರುವಾಗುತ್ತದೆ. ಅವರ ಸಿಟ್ಟೂ ಇಳಿದಿರಬಹುದು."

ಅವರು ನನ್ನ ಮುಖವನ್ನು ದಿಟ್ಟಿಸಿ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಾನು ಮರೆಯಲಾರದ ಅವಮಾನಗಳ ಪಟ್ಟಿಯಲ್ಲಿ ಅದನ್ನು ಸೇರಿಸಬೇಕೋ ಬೇಡವೋ ಎಂದು ಇಂದಿಗೂ ನಿರ್ಧರಿಸಲಾಗಿಲ್ಲ.

"ಇನ್ನೊಂದ್ಸಲ ಅವರಿಗೆ ಗೊತ್ತಾಗದ ಹಾಗೆ ಮಾಡುದಾ ಸರ್?"



ಸೋಮವಾರ ಬೆಳಗ್ಗೆ ನಾನು ಕಾರಣವಿಲ್ಲದೆ ಕಚೇರಿಗೆ ಹೋಗಿ ನಿಂತಿದ್ದೆ. ಪೋಷಕರ ಅರ್ಜಿಗಳನ್ನು ಸ್ವೀಕರಿಸುವುದೂ ಅಕ್ಕನ ಮೇಜಿನ ಕೆಲಸವೇ. ಅವರು ಲಕೋಟೆಯಿಂದ ಕಾಗದವನ್ನು ತೆಗೆದು, ಹುಡುಗಿಯ ಹೆಸರು, ತರಗತಿ, ತಂದೆಯ ಸಹಿ ಸರಿಯಿವೆಯೇ ಎಂದು ಬೆರಳಿಟ್ಟು ನೋಡಿದರು. ಸ್ಟ್ಯಾಂಪಿನ ತಾರೀಕನ್ನು ತಿರುಗಿಸಿ ಸರಿಪಡಿಸಿದರು. ಕಾಗದದ ಮೂಲೆಯಲ್ಲಿ ಓರೆಯಾಗದಂತೆ 'ಸ್ವೀಕರಿಸಲಾಗಿದೆ' ಎಂದು ಒತ್ತಿ, ಸಹಿ ಮಾಡಿದರು. ಆಮೇಲೆ ಫೋನನ್ನು ಎತ್ತಿದರು. ತಾಯಿಗೆ ಮಾಡುತ್ತಾರೆಂದುಕೊಂಡೆ. ಅವರು ಅಬುಧಾಬಿಯ ನಂಬರನ್ನು ಒತ್ತಿದರು.

"ನಿಮ್ಮ ಅರ್ಜಿ ಕೊಟ್ಟಾಯ್ತು" ಎಂದರು. ಸ್ವಲ್ಪ ಹೊತ್ತು ಕೇಳಿಸಿಕೊಂಡರು. "ಇಲ್ಲ, ನಾನೇ ಸ್ಟ್ಯಾಂಪ್ ಹಾಕಿ ತಗೊಂಡದ್ದು" ಎಂದರು.

ಕಿಟಕಿಯಾಚೆ ಏಳೆಂಟು ಜನ ಪೋಷಕರು ಸಾಲಿನಲ್ಲಿ ನಿಂತಿದ್ದರು. ಅಕ್ಕ ಫೋನನ್ನು ಕೆಳಗಿಟ್ಟು, ಮೂಗನ್ನು ಸ್ವೆಟರಿನ ತೋಳಿನಿಂದ ಒರೆಸಿಕೊಂಡು, "ಮುಂದೆ ಯಾರು? ಬನ್ನಿ" ಎಂದು ಕರೆದರು.